ಫೋನಿನಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು: ಸಣ್ಣ ಕಚೇರಿಗಳ ಮೇಲ್ ಮತ್ತು ಕ್ಯಾಲೆಂಡರ್ ಸಿಂಕ್ ದೋಷ ಹುಡುಕುವ ಬಗೆ

"ಸಿಂಕ್ ಆಗ್ತಿಲ್ಲ" ಅನ್ನುವ ದೂರಿನಿಂದ ಏನೂ ಗೊತ್ತಾಗುವುದಿಲ್ಲ. ಮೇಲ್ ತಡವಾಗಿ ಬರುತ್ತಿದೆಯೋ, ಬಂದದ್ದು ಮಾಯವಾಗುತ್ತಿದೆಯೋ, ಕಳಿಸಿದ್ದು ಇನ್ನೊಂದು ಸಾಧನದಲ್ಲಿ ಕಾಣುತ್ತಿಲ್ಲವೋ, ಮೀಟಿಂಗ್ ಎರಡೆರಡು ಸಲ ಕೂತಿದೆಯೋ, ಒಂದು ದಿನ ಹಿಂದೆ ಸರಿದಿದೆಯೋ? ಇವು ಐದೂ ಬೇರೆ ಬೇರೆ ದೋಷಗಳು, ಕಾರಣಗಳೂ ಬೇರೆ. ಆದರೆ ಎಲ್ಲದಕ್ಕೂ ಜನ ಮಾಡುವುದು ಒಂದೇ ಕೆಲಸ: ಅಕೌಂಟ್ ತೆಗೆದು ಮತ್ತೆ ಹಾಕುವುದು. ಎಷ್ಟೋ ಸಲ ಅದರಿಂದ ಸರಿಹೋಗುತ್ತದೆ, ನಿಜ. ಆದರೆ ಆ ಸಾಧನದಲ್ಲಿ ಮಾತ್ರ ಇದ್ದ ಅಪಾಯಿಂಟ್‌ಮೆಂಟುಗಳೂ ಡ್ರಾಫ್ಟುಗಳೂ ಅಕೌಂಟಿನ ಜೊತೆಗೇ ಅಳಿಸಿಹೋಗುವುದು ಇದೇ ಹೆಜ್ಜೆಯಲ್ಲಿ. ಆದ್ದರಿಂದ ಅಸಲು ಪ್ರತಿ ಎಲ್ಲಿದೆ ಎಂದು ಖಚಿತವಾಗುವವರೆಗೆ ಯಾವ ಸಾಧನದಿಂದಲೂ ಏನನ್ನೂ ತೆಗೆಯಬೇಡಿ.

ಮೊದಲು ಬ್ರೌಸರ್, ಆಮೇಲೆ ಫೋನ್

ಬ್ರೌಸರ್‌ನ ಇನ್‌ಕಾಗ್ನಿಟೊ ವಿಂಡೋದಲ್ಲಿ ವೆಬ್‌ಮೇಲ್‌ಗೆ ಲಾಗಿನ್ ಆಗಿ. ಮಾಮೂಲಿ ವಿಂಡೋದಲ್ಲಿ ನೋಡಿದರೆ ಮೊದಲೇ ತೆರೆದಿರುವ ವೈಯಕ್ತಿಕ ಅಕೌಂಟಿನ ಕ್ಯಾಲೆಂಡರನ್ನೇ ಆಫೀಸಿನದು ಎಂದುಕೊಂಡು ಅರ್ಧ ದಿನ ಹಾಳಾಗಬಹುದು. ಕಾಣೆಯಾದ ಮೇಲ್ ಅಥವಾ ಮೀಟಿಂಗ್ ಅಲ್ಲಿ ಇದೆಯೇ ನೋಡಿ.

ಬ್ರೌಸರ್‌ನಲ್ಲಿ ಇದೆ, ಫೋನಿನಲ್ಲಿ ಇಲ್ಲ ಎಂದಾದರೆ ಡೇಟಾ ಸುರಕ್ಷಿತ. ತೊಂದರೆ ಇರುವುದು ಸರ್ವರ್‌ನಿಂದ ಆ ಫೋನಿಗೆ ಇಳಿಯುವ ದಾರಿಯಲ್ಲಿ, ನಿಧಾನವಾಗಿ ಹುಡುಕಬಹುದು. ಬ್ರೌಸರ್‌ನಲ್ಲಿ ಇಲ್ಲ, ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ ಎಂದಾದರೆ ಎಚ್ಚರ: ಜಗತ್ತಿನಲ್ಲಿರುವ ಏಕೈಕ ಪ್ರತಿ ಅದೇ. ಬೇರೇನೂ ಮಾಡುವ ಮೊದಲು ಅಲ್ಲಿಂದ ಬ್ಯಾಕಪ್ ತೆಗೆಯಿರಿ. ಎಲ್ಲೂ ಇಲ್ಲ ಎಂದಾದರೆ ಅದು ಸಿಂಕ್ ದೋಷವೇ ಅಲ್ಲ. ಮೇಲ್ ಬಂದೇ ಇಲ್ಲ, ಸ್ಪ್ಯಾಮ್‌ಗೆ ಹೋಗಿದೆ, ಯಾವುದೋ ಫಿಲ್ಟರ್ ಎತ್ತಿ ಬೇರೆಡೆ ಇಟ್ಟಿದೆ ಅಥವಾ ಯಾರೋ ಅಳಿಸಿದ್ದಾರೆ.

ಮುಂದೆ, ಯಾವ ದಿಕ್ಕಿನಲ್ಲಿ ಕೆಟ್ಟಿದೆ ಎಂದು ಪತ್ತೆ ಮಾಡಬೇಕು. ಬ್ರೌಸರ್‌ನಲ್ಲಿ "ವೆಬ್ 10.15" ಎಂಬ ಹೆಸರಿನ ಒಂದು ಮೀಟಿಂಗ್ ಬರೆಯಿರಿ, ಫೋನಿನಲ್ಲಿ "ಫೋನ್ 10.16", ಲ್ಯಾಪ್‌ಟಾಪಿನಲ್ಲಿ "ಲ್ಯಾಪ್ 10.17". ಬರೆದ ಸಮಯವೇ ಹೆಸರಿನಲ್ಲಿ ಇರಲಿ; ಎಷ್ಟು ತಡವಾಗಿ ಬಂತು ಎಂದು ಆಮೇಲೆ ಲೆಕ್ಕ ಹಾಕಲು ಅದೇ ಸಾಕ್ಷಿ. ಹದಿನೈದು ನಿಮಿಷ ಬಿಟ್ಟು ಮೂರೂ ಕಡೆ ನೋಡಿ. ಮೇಲ್‌ಗೂ ಇದೇ ಪರೀಕ್ಷೆ: ಪ್ರತಿ ಸಾಧನದಿಂದ ಒಂದೊಂದು ಮೇಲ್ ಕಳಿಸಿ, ಸೆಂಟ್ ಫೋಲ್ಡರ್‌ನಲ್ಲಿ ಯಾವುದು ಎಲ್ಲಿ ಕಾಣುತ್ತದೆ ಬರೆದುಕೊಳ್ಳಿ. ವೆಬ್‌ನಲ್ಲಿ ಬರೆದದ್ದು ಫೋನಿಗೆ ಬಂದು, ಫೋನಿನದು ವೆಬ್‌ಗೆ ಹೋಗದಿದ್ದರೆ ಪಾಸ್‌ವರ್ಡ್, ನೆಟ್‌ವರ್ಕ್, ಸರ್ವರ್ ಯಾವುದರ ಮೇಲೂ ಅನುಮಾನ ಪಡಬೇಕಿಲ್ಲ. ಅದು ಬಹುಮಟ್ಟಿಗೆ ಡಿಫಾಲ್ಟ್ ಕ್ಯಾಲೆಂಡರಿನ ಎಡವಟ್ಟು. ಅದರ ವಿಚಾರ ಕೆಳಗಿದೆ.

ಮೇಲ್ ಬರುವ ದಾರಿಯಲ್ಲಿ ಕ್ಯಾಲೆಂಡರ್ ಬರುವುದಿಲ್ಲ

ಬಳಸುವವರಿಗೆ ಒಂದೇ ಅಕೌಂಟ್, ಒಂದೇ ಪಾಸ್‌ವರ್ಡ್. ಆದರೆ ಒಳಗೆ ಪ್ರತಿ ಕೆಲಸಕ್ಕೂ ಸರ್ವರ್ ಮತ್ತು ಆಪ್ ಮಾತಾಡುವ ಪದ್ಧತಿ ಬೇರೆ: ಮೇಲ್ ಓಡುವುದು ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿಯುವ ಪದ್ಧತಿ) ಅಥವಾ ಪಾಪ್‌ನಲ್ಲಿ (ಸಾಧನಕ್ಕೆ ಇಳಿಸಿಕೊಳ್ಳುವ ಪದ್ಧತಿ), ಕಳಿಸುವುದು ಎಸ್‌ಎಂಟಿಪಿಯಲ್ಲಿ, ಕ್ಯಾಲೆಂಡರ್ ಕ್ಯಾಲ್‌ಡ್ಯಾವ್‌ನಲ್ಲಿ, ಸಂಪರ್ಕಗಳು ಕಾರ್ಡ್‌ಡ್ಯಾವ್‌ನಲ್ಲಿ. ಎಲ್ಲವನ್ನೂ ಒಟ್ಟಿಗೆ ಹೊತ್ತು ತರುವುದು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮತ್ತು ಅದರ ಆಕ್ಟಿವ್‌ಸಿಂಕ್. ಐಮ್ಯಾಪ್‌ಗೆ ಕ್ಯಾಲೆಂಡರ್ ಎಂದರೇನೆಂದೇ ಗೊತ್ತಿಲ್ಲ. ಅಕೌಂಟ್ ಸೇರಿಸುವಾಗ ಫೋನಿನಲ್ಲಿ "ಇತರೆ" ಎಂದು ಆರಿಸಿ ಐಮ್ಯಾಪ್ ವಿವರ ತುಂಬಿದ್ದರೆ, ಮೇಲ್ ಸೊಗಸಾಗಿ ಬರುತ್ತದೆ, ಕ್ಯಾಲೆಂಡರ್ ಎಂದಿಗೂ ಬರುವುದಿಲ್ಲ. ಅಲ್ಲಿ ಏನೂ ಕೆಟ್ಟಿಲ್ಲ. ಆ ದಾರಿಯನ್ನು ಹಾಕಿಯೇ ಇಲ್ಲ.

ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಇದು ಇನ್ನಷ್ಟು ಮೋಸದ ರೂಪದಲ್ಲಿರುತ್ತದೆ. ಐಮ್ಯಾಪ್ ಅಕೌಂಟ್ ಹಾಕಿದರೂ ಪಕ್ಕದಲ್ಲಿ ಕ್ಯಾಲೆಂಡರ್ ಕಾಣುತ್ತದೆ, ಬರೆದದ್ದು ಉಳಿಯುತ್ತದೆ, ರಿಮೈಂಡರೂ ಬರುತ್ತದೆ. ಹೆಸರಿನ ಮುಂದೆ "ಈ ಕಂಪ್ಯೂಟರ್ ಮಾತ್ರ" ಎಂಬರ್ಥದ ಸಣ್ಣ ಬರಹ ಇರುವುದನ್ನು ಯಾರೂ ಓದುವುದಿಲ್ಲ. ವರ್ಷಗಟ್ಟಲೆ ಬರೆದ ಮೀಟಿಂಗುಗಳು ಆ ಕಂಪ್ಯೂಟರಿನಲ್ಲಿ ಔಟ್‌ಲುಕ್ ಇಟ್ಟುಕೊಂಡಿರುವ ಒಎಸ್‌ಟಿ ಎಂಬ ಫೈಲಿನಲ್ಲಿ ಮಾತ್ರ ಇರುತ್ತವೆ. ಆ ಅಕೌಂಟನ್ನು ತೆಗೆದರೆ ಅವೂ ಹೋದವು.

ಅವನ್ನು ಹೊರತೆಗೆಯುವುದು ಹೀಗೆ. ಕ್ಯಾಲೆಂಡರ್ ತೆರೆದು ಫೈಲ್ ಮೆನುವಿನಲ್ಲಿ ಕ್ಯಾಲೆಂಡರ್ ಉಳಿಸುವ ಆಯ್ಕೆ ಒತ್ತಿ, ಅವಧಿಯಲ್ಲಿ "ಪೂರ್ತಿ ಕ್ಯಾಲೆಂಡರ್", ವಿವರದಲ್ಲಿ "ಪೂರ್ಣ ವಿವರ" ಆರಿಸಿ ಐಸಿಎಸ್ ಫೈಲ್ (ಬೇರೆ ಕ್ಯಾಲೆಂಡರ್‌ಗಳೂ ಓದಬಲ್ಲ ಫೈಲ್) ಮಾಡಿ. ಅವಧಿಯನ್ನು ಬದಲಿಸದೆ ಬಿಟ್ಟರೆ ಕೆಲವೇ ದಿನಗಳದ್ದು ಉಳಿಯಬಹುದು, ಆದ್ದರಿಂದ ಇದೊಂದನ್ನು ಎರಡು ಸಲ ನೋಡಿ. ಆ ಫೈಲನ್ನು ವೆಬ್ ಕ್ಯಾಲೆಂಡರಿನಲ್ಲಿ ಒಂದೇ ಒಂದು ಸಲ ಇಂಪೋರ್ಟ್ ಮಾಡಿ. ಅತಿಥಿಗಳಿಗೆ ಆಮಂತ್ರಣ ಕಳಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಇಲ್ಲದಿದ್ದರೆ ಮುಗಿದುಹೋದ ಮೀಟಿಂಗುಗಳಿಗೆಲ್ಲ ಗ್ರಾಹಕರಿಗೆ ಹೊಸದಾಗಿ ಕರೆ ಹೋಗುತ್ತದೆ. ಕ್ಲಾಸಿಕ್ ಔಟ್‌ಲುಕ್‌ಗೆ ಕ್ಯಾಲ್‌ಡ್ಯಾವ್ ತಾನಾಗಿ ಬರುವುದಿಲ್ಲ. ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್ ಎಂಬ ಉಚಿತ ಆಡ್-ಇನ್ ಆ ಕೊರತೆ ತುಂಬುತ್ತದೆ, ಆದರೆ ಹೊಸ ಔಟ್‌ಲುಕ್ ಈ ಬಗೆಯ ಆಡ್-ಇನ್‌ಗಳನ್ನು ಒಪ್ಪುವುದಿಲ್ಲ.

ರಾತ್ರಿ ಇದ್ದ ಮೇಲ್ ಬೆಳಿಗ್ಗೆ ಇಲ್ಲ

ರಾತ್ರಿ ಫೋನಿನಲ್ಲಿ ಓದಿದ ಮೇಲ್ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಫೋನಿನಿಂದ ಮಾಯ. ರಜೆಯ ದಿನ ಮಾತ್ರ ಮಾಯವಾಗುವುದಿಲ್ಲ. ಈ ಲಕ್ಷಣ ಹೇಳಿದ ಕೂಡಲೇ ಕೇಳಬೇಕಾದ ಪ್ರಶ್ನೆ: ಬೆಳಿಗ್ಗೆ ಆಫೀಸಿನಲ್ಲಿ ಯಾವ ಕಂಪ್ಯೂಟರ್ ಆನ್ ಆಗುತ್ತದೆ? ಬಿಲ್ಲಿಂಗ್ ಮೇಜಿನ ಮೇಲೋ ಗೋದಾಮಿನಲ್ಲೋ ಇರುವ ಹಳೆಯ ಪಿಸಿಯಲ್ಲಿ ಯಾರೋ ಯಾವಾಗಲೋ ಇದೇ ಅಕೌಂಟನ್ನು ಪಾಪ್ ಆಗಿ ಹಾಕಿರುತ್ತಾರೆ. ಪಾಪ್‌ನ ಸಹಜ ನಡವಳಿಕೆಯೇ ಮೇಲನ್ನು ಇಳಿಸಿಕೊಂಡು ಸರ್ವರ್‌ನಿಂದ ಅಳಿಸುವುದು. ಉಳಿದ ಸಾಧನಗಳು ಸರ್ವರ್‌ನ ಕನ್ನಡಿಗಳಷ್ಟೇ. ಅಲ್ಲಿ ಹೋದದ್ದು ಇಲ್ಲೂ ಹೋಗುತ್ತದೆ.

ಇನ್ನೊಂದು ರೂಪವೂ ಇದೆ. ಫೋನಿನಲ್ಲಿ ಸದಾ ಕಳೆದ ಎರಡು ವಾರದ ಮೇಲ್ ಮಾತ್ರ ಇರುತ್ತದೆ. ಔಟ್‌ಲುಕ್‌ನ ಪಾಪ್ ಅಕೌಂಟಿನಲ್ಲಿ "ಪ್ರತಿಯನ್ನು ಸರ್ವರ್‌ನಲ್ಲಿ ಬಿಡು" ಎಂಬ ಗುರುತಿನ ಕೆಳಗೆ "14 ದಿನಗಳ ನಂತರ ತೆಗೆ" ಎಂಬುದೂ ತಾನಾಗಿ ಗುರುತಾಗಿರುತ್ತದೆ. ಲೆಕ್ಕ ಸರಿಯಾಗಿ 14ಕ್ಕೆ ನಿಲ್ಲುತ್ತಿದ್ದರೆ ಕಳ್ಳ ಸಿಕ್ಕಂತೆಯೇ.

ಅಕೌಂಟಿನ ಬಗೆ ಹೆಸರಿನಿಂದ ತಿಳಿಯದಿದ್ದರೆ ಒಳಬರುವ ಸರ್ವರ್‌ನ ಪೋರ್ಟ್ ಸಂಖ್ಯೆ ನೋಡಿ: 995 ಅಥವಾ 110 ಇದ್ದರೆ ಪಾಪ್, 993 ಅಥವಾ 143 ಇದ್ದರೆ ಐಮ್ಯಾಪ್. ಪಾಪ್‌ನಿಂದ ಬಿಡಿಸಿಕೊಳ್ಳುವುದನ್ನು ಈ ಕ್ರಮದಲ್ಲಿ ಮಾಡಿ:

1. ಮೊದಲು ಆ ಪಿಸಿಯಲ್ಲಿ "ಪ್ರತಿಯನ್ನು ಸರ್ವರ್‌ನಲ್ಲಿ ಬಿಡು" ಗುರುತು ಹಾಕಿ, ದಿನಗಳ ಗುರುತನ್ನು ತೆಗೆಯಿರಿ. ಸೋರಿಕೆ ಅಲ್ಲಿಗೆ ನಿಲ್ಲುತ್ತದೆ.
2. ಪಿಎಸ್‌ಟಿ ಫೈಲಿನ (ಔಟ್‌ಲುಕ್ ಪಾಪ್ ಮೇಲನ್ನು ಇಟ್ಟುಕೊಳ್ಳುವ ಫೈಲ್) ಗಾತ್ರವನ್ನೂ ಸರ್ವರ್‌ನಲ್ಲಿ ಉಳಿದಿರುವ ಜಾಗವನ್ನೂ ಹೋಲಿಸಿ. 18 ಜಿಬಿ ಮೇಲನ್ನು 10 ಜಿಬಿ ಪೆಟ್ಟಿಗೆಗೆ ತುಂಬಲು ಹೋದರೆ ಮಧ್ಯದಲ್ಲಿ ಪೆಟ್ಟಿಗೆ ತುಂಬಿ ಹೊಸ ಮೇಲ್ ಬರುವುದೇ ನಿಲ್ಲುತ್ತದೆ.
3. ಪಾಪ್ ಅಕೌಂಟನ್ನು ಹಾಗೆಯೇ ಬಿಟ್ಟು, ಅದೇ ವಿಳಾಸವನ್ನು ಐಮ್ಯಾಪ್ ಆಗಿ ಎರಡನೆಯ ಸಲ ಸೇರಿಸಿ.
4. ಹಳೆಯ ಫೋಲ್ಡರ್‌ಗಳಿಂದ ಐಮ್ಯಾಪ್ ಫೋಲ್ಡರ್‌ಗಳಿಗೆ ಕಂತು ಕಂತಾಗಿ ಕಾಪಿ ಮಾಡಿ, ಮೂವ್ ಬೇಡ. ಒಂದು ಕಂತಿಗೆ ಐನೂರು ಮೇಲ್ ಸಾಕು. ಸರ್ವರ್ ಜಿಮೇಲ್ ಆಗಿದ್ದರೆ ಐಮ್ಯಾಪ್ ಮೂಲಕ ದಿನಕ್ಕೆ 500 ಎಂಬಿಗಿಂತ ಹೆಚ್ಚು ಏರಿಸಲಾಗದು, ಆದ್ದರಿಂದ ಹಲವು ದಿನಗಳ ಕೆಲಸ ಎಂದುಕೊಂಡೇ ಶುರುಮಾಡಿ.
5. ಬ್ರೌಸರ್‌ನಲ್ಲಿ ಪ್ರತಿ ಫೋಲ್ಡರ್‌ನ ಎಣಿಕೆ ತಾಳೆ ನೋಡಿದ ಮೇಲೆ ಪಾಪ್ ಅಕೌಂಟ್ ತೆಗೆಯಿರಿ. ಪಿಎಸ್‌ಟಿ ಫೈಲನ್ನು ಬೇರೆ ಡಿಸ್ಕಿನಲ್ಲಿ ಕೆಲವು ತಿಂಗಳು ಇಟ್ಟಿರಿ.

ಪಾಪ್ ಇಲ್ಲದೆಯೂ ಮೇಲ್ ಮಾಯವಾಗುತ್ತಿದ್ದರೆ ಫಿಲ್ಟರ್‌ಗಳನ್ನು ನೋಡಿ. ಒಂದು ಲ್ಯಾಪ್‌ಟಾಪಿನ ರೂಲ್ ಮೇಲನ್ನು ಆ ಲ್ಯಾಪ್‌ಟಾಪಿನ ಲೋಕಲ್ ಫೋಲ್ಡರಿಗೆ ಸರಿಸುತ್ತಿದ್ದರೂ ಲಕ್ಷಣ ಇದೇ: ಲ್ಯಾಪ್‌ಟಾಪ್ ಆನ್ ಆದಾಗ ಮಾತ್ರ ಮಾಯ. ಫಿಲ್ಟರ್‌ಗಳು ಏನಿದ್ದರೂ ವೆಬ್‌ಮೇಲ್‌ನಲ್ಲಿ ಇರಲಿ, ಸಾಧನಗಳಲ್ಲಿ ಬೇಡ.

ಕಳಿಸಿದ್ದು ಇನ್ನೊಂದು ಕಡೆ ಕಾಣುವುದಿಲ್ಲ

ಮೇಲ್ ಕಳಿಸುವುದು ಒಂದು ಕೆಲಸ, ಅದರ ಪ್ರತಿಯನ್ನು ಸೆಂಟ್ ಫೋಲ್ಡರ್‌ನಲ್ಲಿ ಇಡುವುದು ಬೇರೆ ಕೆಲಸ. ಮೊದಲನೆಯದು ಎಸ್‌ಎಂಟಿಪಿಯದು, ಎರಡನೆಯದನ್ನು ಆಪ್ ಐಮ್ಯಾಪ್ ಮೂಲಕ ಪ್ರತ್ಯೇಕವಾಗಿ ಮಾಡುತ್ತದೆ. ಒಂದು ಆಪ್ "ಸೆಂಟ್" ಎನ್ನುತ್ತದೆ, ಇನ್ನೊಂದು "ಸೆಂಟ್ ಐಟಮ್ಸ್", ಮತ್ತೊಂದು "ಸೆಂಟ್ ಮೆಸೇಜಸ್". ಮೂರು ಸಾಧನ, ಮೂರು ಫೋಲ್ಡರ್. ಯಾವ ಫೋಲ್ಡರ್ ಯಾವ ಕೆಲಸಕ್ಕೆ ಎಂದು ಸರ್ವರ್ ಗುರುತು ಕೊಡುವ ವ್ಯವಸ್ಥೆ 2011ರಿಂದ ಇದೆ, ಆದರೆ ಅದಕ್ಕೂ ಮೊದಲು ಹುಟ್ಟಿಕೊಂಡ ಫೋಲ್ಡರ್‌ಗಳು ಹಾಗೇ ಉಳಿದಿರುತ್ತವೆ.

ವೆಬ್‌ಮೇಲ್ ಯಾವುದನ್ನು ಬಳಸುತ್ತದೋ ಅದನ್ನೇ ಎಲ್ಲ ಸಾಧನಗಳಿಗೂ ತೋರಿಸಿ. ಐಫೋನಿನಲ್ಲಿ ಅಕೌಂಟಿನ ಅಡ್ವಾನ್ಸ್ಡ್ ಪುಟದಲ್ಲಿ ಮೇಲ್‌ಬಾಕ್ಸ್ ನಡವಳಿಕೆಯ ಭಾಗ ಇದೆ. ಅಲ್ಲಿ ಸೆಂಟ್, ಡ್ರಾಫ್ಟ್, ಟ್ರ್ಯಾಶ್ ಮೂರನ್ನೂ "ಸರ್ವರ್‌ನಲ್ಲಿ" ಎಂಬ ಪಟ್ಟಿಯಿಂದಲೇ ಆರಿಸಬೇಕು, "ನನ್ನ ಐಫೋನ್‌ನಲ್ಲಿ" ಎಂಬುದರಿಂದ ಅಲ್ಲ. ಜಿಮೇಲ್‌ನ ವಿಷಯ ಉಲ್ಟಾ: ಅದರ ಎಸ್‌ಎಂಟಿಪಿ ಸರ್ವರ್ ತಾನೇ ಪ್ರತಿ ಇಟ್ಟುಕೊಳ್ಳುತ್ತದೆ. ಆಪ್ ಕೂಡ ಇಟ್ಟರೆ ಎರಡೆರಡು ಕಾಣಬಹುದು. ಹಾಗಾದರೆ ಆಪ್‌ನಲ್ಲಿ ಪ್ರತಿ ಉಳಿಸುವುದನ್ನು ನಿಲ್ಲಿಸಿ.

ಮೇಲ್ ತಲುಪಿದೆ, ಉತ್ತರವೂ ಬಂದಿದೆ, ಸೆಂಟ್‌ನಲ್ಲಿ ಮಾತ್ರ ಎಲ್ಲೂ ಇಲ್ಲ ಎಂದರೆ ಪೆಟ್ಟಿಗೆಯ ಜಾಗ ನೋಡಿ. ಎಷ್ಟೋ ಸರ್ವರ್‌ಗಳಲ್ಲಿ ತುಂಬಿದ ಪೆಟ್ಟಿಗೆಯಿಂದಲೂ ಮೇಲ್ ಹೊರಗೆ ಹೋಗುತ್ತದೆ, ಪ್ರತಿ ಒಳಗೆ ಕೂರುವುದಿಲ್ಲ. ಇದೇ ಹೊತ್ತಿಗೆ ನಿಮಗೆ ಬರೆದವರಿಗೆ 5.2.2 ಸಂಖ್ಯೆಯ ಬೌನ್ಸ್, ಅಂದರೆ ಮೇಲ್ ತಲುಪಲಿಲ್ಲ ಎಂಬ ವಾಪಸು ಸಂದೇಶ, ಹೋಗುತ್ತಿರುತ್ತದೆ.

ತಡವಾಗಿ ಬರುವ ಮೇಲ್

ಆಪ್ ತೆರೆದ ಕ್ಷಣ ಹತ್ತು ಮೇಲ್ ಒಟ್ಟಿಗೆ ಬಂದು ಬೀಳುತ್ತವೆಯೇ? ಹಾಗಾದರೆ ಅಕೌಂಟ್ ಸರಿಯಿದೆ. ಫೋನ್ ಆಪನ್ನು ಹಿನ್ನೆಲೆಯಲ್ಲಿ ಮಲಗಿಸುತ್ತಿದೆ. ಆಂಡ್ರಾಯ್ಡ್‌ನಲ್ಲಿ ಆ ಆಪ್‌ನ ಬ್ಯಾಟರಿ ಸೆಟ್ಟಿಂಗನ್ನು "ನಿರ್ಬಂಧವಿಲ್ಲ" ಎಂದು ಮಾಡಿ, ಡೇಟಾ ಸೇವರ್‌ನಿಂದ ಹೊರಗಿಡಿ, ಅಕೌಂಟ್ಸ್ ಪುಟದ ಆಟೋ-ಸಿಂಕ್ ಆನ್ ಇದೆಯೇ ನೋಡಿ. ಬ್ಯಾಟರಿ ಉಳಿಸಲು ಯಾರಾದರೂ ಅದನ್ನು ಆಫ್ ಮಾಡಿದ್ದರೆ ಮೇಲ್, ಕ್ಯಾಲೆಂಡರ್, ಸಂಪರ್ಕ ಮೂರೂ ಒಟ್ಟಿಗೆ ನಿಲ್ಲುತ್ತವೆ. ಐಫೋನಿನ ಮೇಲ್ ಆಪ್‌ಗೆ ಜಿಮೇಲ್ ಪುಶ್ ಆಗುವುದಿಲ್ಲ. ಫೋನ್ ತಾನೇ ಕೇಳಿ ತರಬೇಕು. ಫೆಚ್ ಸೆಟ್ಟಿಂಗ್ "ಮ್ಯಾನುಯಲ್" ಇದ್ದರೆ ಆಪ್ ತೆರೆಯುವವರೆಗೆ ಏನೂ ಬಾರದು. ಕೂಡಲೇ ಬೇಕೆಂದರೆ ಜಿಮೇಲ್‌ನದೇ ಆಪ್ ಹಾಕಿಕೊಳ್ಳುವುದೇ ನೇರ ಉಪಾಯ.

ಫೋನಲ್ಲ, ಆಫೀಸಿನ ವೈಫೈಯಲ್ಲಿ ಮಾತ್ರ ತಡ ಎಂದಾದರೆ ರೂಟರ್ ಮೇಲೆ ಅನುಮಾನ ಪಡಿ. ಐಮ್ಯಾಪ್‌ನ ತಕ್ಷಣದ ಸೂಚನೆ ನಿಂತಿರುವುದು ಸದಾ ತೆರೆದಿರುವ ಒಂದು ಸಂಪರ್ಕದ ಮೇಲೆ. ಸರ್ವರ್ 30 ನಿಮಿಷಕ್ಕೆ ಬೇಸತ್ತು ಮುಚ್ಚಬಾರದೆಂದು ಆಪ್‌ಗಳು 29 ನಿಮಿಷಕ್ಕೊಮ್ಮೆಯಾದರೂ ಅದನ್ನು ನವೀಕರಿಸಬೇಕೆಂಬುದು ನಿಯಮ. ರೂಟರ್ ಅದಕ್ಕೂ ಮೊದಲೇ, ಐದೋ ಹತ್ತೋ ನಿಮಿಷಕ್ಕೆ, ಸುಮ್ಮನಿರುವ ಸಂಪರ್ಕವನ್ನು ಮರೆತುಬಿಟ್ಟರೆ ಎರಡೂ ಕಡೆಯವರು ಸಂಪರ್ಕ ಇದೆ ಎಂದುಕೊಂಡೇ ಕಾಯುತ್ತಿರುತ್ತಾರೆ. ರೂಟರ್‌ನಲ್ಲಿ ಟಿಸಿಪಿ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ನೆನಪಿಡುವ ಅವಧಿ) ಹೆಚ್ಚಿಸಿ. ಆ ಆಯ್ಕೆ ಇಲ್ಲದಿದ್ದರೆ ಆಪ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಪರಿಶೀಲಿಸುವಂತೆ ಇಡಿ.

ಸಣ್ಣ ಕಚೇರಿಗಳಲ್ಲೇ ಹೆಚ್ಚು ಕಾಡುವ ಇನ್ನೊಂದು ದೋಷ: ವಿಚಾರಣೆಗಳು ಬರುವ ಒಂದೇ ಮೇಲ್ ವಿಳಾಸವನ್ನು ಐದಾರು ಜನ ಹಂಚಿಕೊಂಡಿರುತ್ತಾರೆ, ಒಬ್ಬೊಬ್ಬರದೂ ಫೋನ್ ಮತ್ತು ಕಂಪ್ಯೂಟರ್. ಬಹಳಷ್ಟು ಹೋಸ್ಟಿಂಗ್‌ಗಳು ಬಳಸುವ ಡವ್‌ಕಾಟ್ ಸರ್ವರ್‌ನ ಡಿಫಾಲ್ಟ್ ಮಿತಿ, ಒಬ್ಬ ಬಳಕೆದಾರನಿಗೆ ಒಂದು ಐಪಿ ವಿಳಾಸದಿಂದ 10 ಸಂಪರ್ಕ. ಆಫೀಸಿನ ಎಲ್ಲ ಸಾಧನಗಳೂ ಹೊರಗಿನ ಕಣ್ಣಿಗೆ ಒಂದೇ ಐಪಿ. ಥಂಡರ್‌ಬರ್ಡ್ ಎಂಬ ಮೇಲ್ ಆಪ್ ಒಂದೇ ಅಕೌಂಟಿಗೆ 5 ಸಂಪರ್ಕಗಳವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಎರಡು ಕಂಪ್ಯೂಟರ್‌ಗೆ ಹತ್ತೂ ಮುಗಿಯಿತು. ಮೂರನೆಯವರ ಫೋನ್ ಬಾಗಿಲಲ್ಲೇ ನಿಲ್ಲುತ್ತದೆ. ಆ ಫೋನನ್ನು ಮೊಬೈಲ್ ಡೇಟಾಗೆ ಹಾಕಿದ ಕೂಡಲೇ ಮೇಲ್ ಬಂದರೆ, ಅಥವಾ ಯಾರೋ ಊಟಕ್ಕೆ ಹೋಗುವಾಗ ಕಂಪ್ಯೂಟರ್ ಮುಚ್ಚಿದ ಮೇಲೆ ಸರಿಹೋದರೆ, ಇದೇ ಕಾರಣ. ಥಂಡರ್‌ಬರ್ಡ್‌ನ ಸರ್ವರ್ ಸೆಟ್ಟಿಂಗಿನ ಅಡ್ವಾನ್ಸ್ಡ್ ಪುಟದಲ್ಲಿ 5 ಇರುವುದನ್ನು 2 ಮಾಡಿ. ಜಿಮೇಲ್‌ನ ಮಿತಿ ಇಡೀ ಅಕೌಂಟಿಗೆ ಒಟ್ಟು 15. ಅಲ್ಲಿ ಮೊಬೈಲ್ ಡೇಟಾಗೆ ಹೋದರೂ ಬಚಾವಿಲ್ಲ.

ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುವುದು

ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ನಡೆಯುತ್ತದೆ, ಆಪ್‌ನಲ್ಲಿ ನಡೆಯುವುದಿಲ್ಲ. ಬರೀ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಪದ್ಧತಿಯನ್ನು ವೈಯಕ್ತಿಕ ಅಕೌಂಟುಗಳಿಗೆ ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ 2022ರ ಅಕ್ಟೋಬರ್‌ನಿಂದ ಮುಚ್ಚುತ್ತ ಬಂತು. ಹಳೆಯ ಆಪ್‌ಗೆ ಹೊಸ ಪದ್ಧತಿ ಗೊತ್ತಿಲ್ಲ, ಸರ್ವರ್ ಒಪ್ಪುವುದಿಲ್ಲ, ಆಪ್ ಪಾಸ್‌ವರ್ಡ್ ತಪ್ಪೆಂದು ದೂರುತ್ತದೆ. ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ. ಅಕೌಂಟ್ ಸೇರಿಸುವಾಗ "ಇತರೆ" ಬಿಟ್ಟು ಗೂಗಲ್ ಅಥವಾ ಮೈಕ್ರೋಸಾಫ್ಟ್ ಹೆಸರಿನ ಆಯ್ಕೆಯನ್ನೇ ಒತ್ತಿ. ಪಾಸ್‌ವರ್ಡ್ ಕೇಳುವ ಪುಟ ಬ್ರೌಸರ್‌ನಂತೆ ತೆರೆದುಕೊಂಡರೆ ಸರಿಯಾದ ದಾರಿಯಲ್ಲಿದ್ದೀರಿ. ಗೂಗಲ್‌ಗೆ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಎಂಬ ಪರ್ಯಾಯ ಇದೆ, ಎರಡು ಹಂತದ ಪರಿಶೀಲನೆ ಆನ್ ಇದ್ದರೆ ಮಾತ್ರ. ಮುಖ್ಯ ಪಾಸ್‌ವರ್ಡ್ ಬದಲಿಸಿದ ದಿನ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಸ್ಕ್ಯಾನರ್‌ನಿಂದ ಮೇಲ್ ಹೋಗುವುದು ಇದ್ದಕ್ಕಿದ್ದಂತೆ ನಿಂತರೆ ಹಿಂದಿನ ದಿನ ಯಾರು ಪಾಸ್‌ವರ್ಡ್ ಬದಲಿಸಿದರು ಎಂದು ವಿಚಾರಿಸಿ.

ಸ್ವಂತ ಡೊಮೇನಿನ ಹೋಸ್ಟಿಂಗ್‌ನಲ್ಲಿ ಇದು ಬೇರೆ ರೀತಿ. ಪಾಸ್‌ವರ್ಡ್ ಬದಲಿಸಿದಿರಿ, ಎಲ್ಲ ಫೋನುಗಳಲ್ಲೂ ಹೊಸದನ್ನು ಹಾಕಿದಿರಿ. ಡ್ರಾಯರ್‌ನಲ್ಲಿ ಚಾರ್ಜಿಗೆ ಹಾಕಿಟ್ಟ ಹಳೆಯ ಟ್ಯಾಬ್ಲೆಟ್ ಒಂದು ಮಾತ್ರ ಹಳೆಯ ಪಾಸ್‌ವರ್ಡ್ ಹಿಡಿದು ಹದಿನೈದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುತ್ತಿರುತ್ತದೆ. ಸರ್ವರ್ ಇದನ್ನು ದಾಳಿ ಎಂದುಕೊಂಡು ಆಫೀಸಿನ ಐಪಿಯನ್ನೇ ತಡೆಯುತ್ತದೆ. ಈಗ ಯಾರಿಗೂ ಮೇಲ್ ಇಲ್ಲ, ಒಂದು ಗಂಟೆ ಬಿಟ್ಟು ಎಲ್ಲರಿಗೂ ಇದೆ, ಮತ್ತೆ ಇಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಸರಾಗವಾಗಿ ಬಂದರೆ ಹೋಸ್ಟಿಂಗ್‌ನವರಿಗೆ ನಿಮ್ಮ ಐಪಿ ಕೊಟ್ಟು ತಡೆ ತೆಗೆಸಿ. ಯಾವ ಅಕೌಂಟಿನಿಂದ ತಪ್ಪು ಲಾಗಿನ್ ಬರುತ್ತಿದೆ ಎಂಬುದನ್ನೂ ಲಾಗ್ ನೋಡಿ ಹೇಳಲು ಕೇಳಿ. ಟ್ಯಾಬ್ಲೆಟ್ ಹುಡುಕದೆ ತಡೆ ಮಾತ್ರ ತೆಗೆಸಿದರೆ ಸಂಜೆಯೊಳಗೆ ಮತ್ತೆ ಅದೇ ಪಾಡು.

ಸರ್ಟಿಫಿಕೇಟ್ ಎಚ್ಚರಿಕೆ ಬಂದರೆ "ಪರವಾಗಿಲ್ಲ" ಎಂದು ಒತ್ತುವ ಮೊದಲು ಸಾಧನದ ದಿನಾಂಕ ಸರಿಯಿದೆಯೇ, ಸೆಟ್ಟಿಂಗಿನಲ್ಲಿ ಬರೆದ ಸರ್ವರ್ ಹೆಸರೂ ಸರ್ಟಿಫಿಕೇಟಿನ ಹೆಸರೂ ಒಂದೇ ಇದೆಯೇ, ಅವಧಿ ಮುಗಿದಿದೆಯೇ ನೋಡಿ. ಬೇರೇನಿಲ್ಲ.

ಫೋನಿನ ಮೀಟಿಂಗ್ ಯಾರಿಗೂ ಕಾಣುವುದಿಲ್ಲ

ಮೇಲೆ ಹೇಳಿದ ಒಂದೇ ದಿಕ್ಕಿನ ದೋಷ ಇದು. ಫೋನಿನಲ್ಲಿ ಹೊಸ ಮೀಟಿಂಗ್ ಬರೆದಾಗ ಅದು ಯಾವುದಾದರೊಂದು ಕ್ಯಾಲೆಂಡರಿಗೆ ಸೇರಲೇಬೇಕು. ಡಿಫಾಲ್ಟ್ ಆಗಿ ಆಯ್ಕೆಯಾದದ್ದು ಫೋನಿನೊಳಗಿನದ್ದೋ ವೈಯಕ್ತಿಕ ಐಕ್ಲೌಡ್‌ನದ್ದೋ ಆಗಿದ್ದರೆ, ಬರೆದವರ ಕಣ್ಣಿಗೆ ಎಲ್ಲ ಸರಿ. ಆಫೀಸಿಗೆ ಸುದ್ದಿಯೇ ಇಲ್ಲ. ಮೀಟಿಂಗ್ ತೆರೆದು ಅದರ ಬಣ್ಣ ಮತ್ತು ಕ್ಯಾಲೆಂಡರಿನ ಹೆಸರು ನೋಡಿದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಐಫೋನಿನ ಕ್ಯಾಲೆಂಡರ್ ಸೆಟ್ಟಿಂಗಿನಲ್ಲಿ ಡಿಫಾಲ್ಟ್ ಕ್ಯಾಲೆಂಡರ್ ಬದಲಿಸಿ. ಆಂಡ್ರಾಯ್ಡ್‌ನ ಹಲವು ಕ್ಯಾಲೆಂಡರ್ ಆಪ್‌ಗಳು ಕೊನೆಯ ಸಲ ಆರಿಸಿದ್ದನ್ನೇ ನೆನಪಿಟ್ಟುಕೊಳ್ಳುತ್ತವೆ. ಈಗಾಗಲೇ ತಪ್ಪು ಕಡೆ ಬರೆದವನ್ನು ಒಂದೊಂದಾಗಿ ತೆರೆದು ಕ್ಯಾಲೆಂಡರ್ ಬದಲಿಸಬೇಕು. ಬೇಸರದ ಕೆಲಸವೇ, ಆದರೆ ಮುಂದಿನ ದಿನಾಂಕದವನ್ನು ಮಾತ್ರ ಬದಲಿಸಿದರೆ ಸಾಕು.

ಹಂಚಿಕೊಂಡ ಕ್ಯಾಲೆಂಡರ್ ಲ್ಯಾಪ್‌ಟಾಪಿನಲ್ಲಿ ಇದ್ದು ಐಫೋನಿನ ಕ್ಯಾಲೆಂಡರ್ ಆಪ್‌ನಲ್ಲಿ ಇಲ್ಲದಿದ್ದರೆ, ಗೂಗಲ್‌ನ ಸಿಂಕ್ ಸೆಲೆಕ್ಟ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಆ ಕ್ಯಾಲೆಂಡರಿಗೆ ಗುರುತು ಹಾಕಿ. ಮಾಮೂಲಿ ಸೆಟ್ಟಿಂಗ್‌ಗಳಲ್ಲಿ ಇದು ಸಿಗುವುದಿಲ್ಲ. ಇನ್ನು ಐಸಿಎಸ್ ಲಿಂಕ್ ಕೊಟ್ಟು ಹಂಚಿಕೊಂಡಿದ್ದರೆ ಅದು ನೋಡಲು ಮಾತ್ರ, ತಿದ್ದಲಾಗದು. ಗೂಗಲ್ ಕ್ಯಾಲೆಂಡರ್ ಅಂಥ ಲಿಂಕಿನ ಬದಲಾವಣೆ ತೋರಿಸಲು 12 ಗಂಟೆಯವರೆಗೂ ತೆಗೆದುಕೊಳ್ಳಬಹುದು. ಬೆಳಿಗ್ಗೆ ಮುಂದೂಡಿದ ಸಂಜೆಯ ಭೇಟಿಗೆ ಇದನ್ನು ನಂಬಿ ಕೂರುವಂತಿಲ್ಲ. ಲಿಂಕಿನ ಬದಲು ಅಕೌಂಟಿಗೆ ನೇರವಾಗಿ, ತಿದ್ದುವ ಹಕ್ಕು ಕೊಟ್ಟು ಹಂಚಿ.

ಎರಡೆರಡು ಮೀಟಿಂಗ್

ಪ್ರತಿ ಮೀಟಿಂಗಿಗೂ ಒಳಗೆ ಯುಐಡಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದು ಒಂದೇ ಇದ್ದರೆ ಎರಡೂ ಒಂದೇ ಎಂದು ಸರ್ವರ್‌ಗೆ ತಿಳಿಯುತ್ತದೆ. ಯುಐಡಿ ಬದಲಾದರೆ ಹೆಸರು, ಸಮಯ, ಜಾಗ ಎಲ್ಲ ಒಂದೇ ಇದ್ದರೂ ಅದು ಹೊಸ ಮೀಟಿಂಗ್. ನಕಲು ಹುಟ್ಟುವುದು ಮುಖ್ಯವಾಗಿ ಎರಡು ಕಡೆ: ಒಂದೇ ಕ್ಯಾಲೆಂಡರ್ ಫೋನಿಗೆ ಎರಡು ಅಕೌಂಟಿನ ಮೂಲಕ ಬರುತ್ತಿರುವಾಗ, ಮತ್ತು ಎರಡು ಕ್ಯಾಲೆಂಡರ್‌ಗಳನ್ನು ಜೋಡಿಸುವ ಸಿಂಕ್ ಆಪ್ ಒಂದು ಕಡೆಯದನ್ನು ಇನ್ನೊಂದು ಕಡೆ ಹೊಸ ಯುಐಡಿಯಲ್ಲಿ ಬರೆಯುವಾಗ.

ಬೆರಳು ಡಿಲೀಟ್ ಮೇಲೆ ಹೋಗುವ ಮೊದಲು ಬ್ರೌಸರ್ ನೋಡಿ. ಅಲ್ಲಿ ಒಂದೇ ಇದ್ದು ಫೋನಿನಲ್ಲಿ ಎರಡಿದ್ದರೆ ನಕಲು ಬರೀ ಕಣ್ಣಿಗೆ. ಒಂದು ಅಕೌಂಟಿನ ಕ್ಯಾಲೆಂಡರ್ ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಇಂಥ ಕಡೆ ಫೋನಿನಲ್ಲಿ "ನಕಲು" ಅಳಿಸಿದರೆ ಅಸಲೇ ಹೋಗಿ ಎರಡೂ ಒಟ್ಟಿಗೆ ಮಾಯವಾಗುತ್ತವೆ. ಬ್ರೌಸರ್‌ನಲ್ಲೂ ಎರಡಿದ್ದರೆ ಮೊದಲು ಸಿಂಕ್ ಆಪ್ ನಿಲ್ಲಿಸಿ, ಐಸಿಎಸ್ ಬ್ಯಾಕಪ್ ತೆಗೆದು, ಆಮೇಲೆ ಅಳಿಸಿ. ಆಪ್ ನಿಲ್ಲಿಸದೆ ಅಳಿಸಿದರೆ ಅಳಿಸಿದ್ದು ಮರುದಿನ ಮತ್ತೆ ಹುಟ್ಟಿರುತ್ತದೆ.

ಗಂಟೆ, ದಿನ ಸರಿಯುವುದು

ಎಷ್ಟು ಸರಿದಿದೆ ಎಂಬುದೇ ಕಾರಣ ಹೇಳುತ್ತದೆ. ನಿಮ್ಮ ಸಮಯಕ್ಕೂ ಯುಟಿಸಿಗೂ (ಜಗತ್ತಿನ ಪ್ರಮಾಣ ಸಮಯ) ಇರುವ ಅಂತರದಷ್ಟೇ ಸರಿದಿದ್ದರೆ ಮೀಟಿಂಗ್ ಬರೆದ ಆಪ್ ಸಮಯ ವಲಯದ ಹೆಸರು ಕಳಿಸಿಲ್ಲ. ಸರಿಯಾಗಿ ಒಂದು ಗಂಟೆ ಸರಿದಿದ್ದರೆ ಬೇಸಿಗೆ ಸಮಯದ ನಿಯಮ ಇರುವ ವಲಯ ಎಲ್ಲೋ ಸೇರಿಕೊಂಡಿದೆ. ಇಡೀ ದಿನದ ಕಾರ್ಯಕ್ರಮ ಒಂದು ದಿನ ಹಿಂದೆ ಹೋಗಿದ್ದರೆ ಅಥವಾ ಎರಡು ದಿನ ಹರಡಿದ್ದರೆ, ಅದು ದಿನಾಂಕವಾಗಿ ಅಲ್ಲ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ಗಡಿಯಾರದ ಸಮಯವಾಗಿ ಉಳಿದಿದೆ. ವೆಬ್ ಕ್ಯಾಲೆಂಡರ್, ಫೋನ್, ಲ್ಯಾಪ್‌ಟಾಪ್ ಮೂರರಲ್ಲೂ ಸಮಯ ವಲಯದ ಸೆಟ್ಟಿಂಗ್ ತಾಳೆ ನೋಡಿ. ವೆಬ್ ಕ್ಯಾಲೆಂಡರಿನ ವಲಯ ಅಕೌಂಟ್ ಮಾಡಿದ ದಿನದ್ದೇ ಉಳಿದಿರುವುದು ಸಾಮಾನ್ಯ. ಸರಿದ ಮೀಟಿಂಗುಗಳನ್ನು ಬ್ರೌಸರ್‌ನಲ್ಲಿ ಮಾತ್ರ ತಿದ್ದಿ.

ಯಾವ ಎರರೂ ಇಲ್ಲ, ಆದರೂ ಎರಡು ಲೋಕ

ಮೇಲ್ ಸೇವೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಿಸಿದ ಮೇಲೆ ಬರುವ ದೋಷ ಇದು, ಎಲ್ಲಕ್ಕಿಂತ ಹೆಚ್ಚು ದಿಕ್ಕು ತಪ್ಪಿಸುವುದೂ ಇದೇ. ಡೊಮೇನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಹೊಸ ಸರ್ವರ್ ಕಡೆ ತಿರುಗಿದೆ, ಹೊಸ ಮೇಲ್ ಅಲ್ಲಿಗೇ ಬರುತ್ತಿದೆ. ಆದರೆ ಒಂದು ಲ್ಯಾಪ್‌ಟಾಪಿನಲ್ಲಿ ಹಳೆಯ ಸರ್ವರ್ ಹೆಸರೇ ಇದೆ, ಹಳೆಯ ಅಕೌಂಟ್ ಇನ್ನೂ ಮುಚ್ಚಿಲ್ಲ. ಅದು ಖುಷಿಯಾಗಿ ಲಾಗಿನ್ ಆಗುತ್ತದೆ, ಸಿಂಕ್ ಆಯಿತು ಎನ್ನುತ್ತದೆ, ಅಲ್ಲಿಂದ ಕಳಿಸಿದ್ದು ಹಳೆಯ ಸೆಂಟ್‌ನಲ್ಲಿ ಕೂರುತ್ತದೆ. ಸಹೋದ್ಯೋಗಿಯ ಸರ್ವರ್ ಹೆಸರಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ಹಳೆಯ ಸರ್ವರ್‌ನಲ್ಲಿ ಸೇರಿಕೊಂಡ ಮೇಲನ್ನು ಹೊಸದಕ್ಕೆ ಕಾಪಿ ಮಾಡಿದ ನಂತರವೇ ಅದನ್ನು ಮುಚ್ಚಿಸಿ.

ಅಕೌಂಟ್ ತೆಗೆಯಲೇಬೇಕೆಂದರೆ

ಔಟ್‌ಬಾಕ್ಸ್ ಖಾಲಿಯಿದೆಯೇ, ಸಾಧನದಲ್ಲಿ ಮಾತ್ರ ಇರುವ ಡ್ರಾಫ್ಟ್ ಇದೆಯೇ ನೋಡಿ. ಕ್ಯಾಲೆಂಡರನ್ನು ಐಸಿಎಸ್ ಆಗಿ, ಸಂಪರ್ಕಗಳನ್ನು ವಿಕಾರ್ಡ್ ಫೈಲ್ ಆಗಿ ಉಳಿಸಿ. ಫೋನಿನಲ್ಲಿ ಬರೆದ ಒಂದು ಪರೀಕ್ಷಾ ಮೀಟಿಂಗ್ ಬ್ರೌಸರ್‌ಗೆ ತಲುಪಿದೆ ಎಂದು ಕಂಡ ಮೇಲೆ ತೆಗೆಯಿರಿ. ತಲುಪದಿದ್ದರೆ ಅದರ ಹಿಂದೆ ಇನ್ನೆಷ್ಟು ಸಿಕ್ಕಿಕೊಂಡಿವೆಯೋ, ಮೊದಲು ಅವನ್ನು ಕೈಯಾರೆ ವೆಬ್‌ಗೆ ಬರೆಯಿರಿ. ಆಂಡ್ರಾಯ್ಡ್‌ನಲ್ಲಿ ಕ್ಯಾಲೆಂಡರ್ ಸ್ಟೋರೇಜಿನ ಡೇಟಾ ಅಳಿಸುವುದೂ ಇಷ್ಟೇ ಅಪಾಯದ್ದು, ಏರದೆ ಉಳಿದದ್ದೆಲ್ಲ ಹೋಗುತ್ತದೆ.

ಮತ್ತೆ ಸೇರಿಸಿದ ಮೇಲೆ ಚಾರ್ಜರ್ ಹಾಕಿ ವೈಫೈಯಲ್ಲಿ ಬಿಡಿ. ದೊಡ್ಡ ಪೆಟ್ಟಿಗೆ ಪೂರ್ತಿ ಇಳಿಯಲು ಗಂಟೆಗಳೇ ಬೇಕು. ಜಿಮೇಲ್ ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿ ಮಾತ್ರ ಇಳಿಸಲು ಬಿಡುತ್ತದೆ, ಮೀರಿದರೆ ಆ ಅಕೌಂಟಿಗೆ ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತದೆ. ಆದ್ದರಿಂದ ಹಂಚಿಕೊಂಡ ವಿಳಾಸವನ್ನು ಆರು ಸಾಧನಗಳಲ್ಲಿ ಒಂದೇ ದಿನ ಹೊಸದಾಗಿ ಹಾಕಬೇಡಿ. ದಿನಕ್ಕೊಂದು ಸಾಧನ, ಅದರಲ್ಲೂ ಸಂಜೆ ಕೆಲಸ ಮುಗಿದ ಮೇಲೆ.